ಹಿತ್ತಲಿನ ಕೆಸರುಕೆಂಪಿ

ಬಿಳಿಯಕ್ಕ ಎಂಬ ಹೆಸರು ಅವಳಿಗೆ ಮೈಬಣ್ಣದಿಂದ ಬಂದದ್ದಲ್ಲ. ಬಣ್ಣದ ಮಾತಿಗೆ ಬಂದರೆ ಅವಳು ಬಾಣಲೆಯ ತಳಕ್ಕೂ ಸವಾಲು ಹಾಕಬಹುದಿತ್ತು. ಹಾಗೆಂದು ಎಲ್ಲರಿಗಿಂತ ಮೊದಲು ಹೇಳಿ ನಗುತ್ತಿದ್ದವಳೂ ಅವಳೇ. ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಕೋಣೆಯಿತ್ತು. ವಾರ್ಡುಗಳಿಂದ ತಳ್ಳುಗಾಡಿಯಲ್ಲಿ ಇಳಿದುಬರುವ ಹಾಸು, ಹೊದಿಕೆ, ರೋಗಿಗಳ ಅಂಗಿಗಳ ಮೇಲೆ ಎಂಥ ಕಲೆಯಿದ್ದರೂ ಅವಳ ಕೈಯಿಂದ ಹಾಲಿನಂತೆ ಬೆಳ್ಳಗಾಗಿ ಹೊರಬರುತ್ತಿದ್ದವು. ಜೊತೆಗಾರರು ಅದಕ್ಕೇ ಆ ಹೆಸರಿಟ್ಟರು. ಬರುಬರುತ್ತ ಹೆತ್ತವರಿಟ್ಟ ಹೆಸರನ್ನು ಯಾರಾದರೂ ಕೂಗಿದರೆ ಅವಳು ತಿರುಗಿ ನೋಡುವುದನ್ನೂ ಬಿಟ್ಟಿದ್ದಳು.

ಮೂವತ್ತು ದಾಟಿದ ಮೇಲೆ ಮದುವೆಯ ಆಸೆಯನ್ನು ಮಡಿಸಿ ಟ್ರಂಕಿನ ತಳಕ್ಕೆ ಹಾಕಿಬಿಟ್ಟಿದ್ದಳು. ಆಗ ಬಂದವನು ನಲ್ಲಿ ಮೇಸ್ತ್ರಿ. ಒಗೆಯುವ ಕೋಣೆಯ ಬಿಸಿನೀರಿನ ಕೊಳವೆ ಕೈಕೊಟ್ಟಾಗಲೆಲ್ಲ ಅವನಿಗೇ ಹೇಳಿಕಳಿಸುತ್ತಿದ್ದರು. ಹೆಂಡತಿ ಎದೆಯ ಕಾಯಿಲೆಯಲ್ಲಿ ತೀರಿಕೊಂಡು ಎರಡು ವರ್ಷವಾಗಿತ್ತು. ಎಂಟು ವರ್ಷದ ಒಬ್ಬಳೇ ಮಗಳು. ಅವಳನ್ನು ಗುಬ್ಬಿ ಎಂದು ಕರೆಯುತ್ತಿದ್ದ. ಗಳಿಗೆಯಲ್ಲಿ ಮುಗಿಯುವ ರಿಪೇರಿಗೆ ಅವನು ಅರ್ಧ ದಿನ ಹಿಡಿಯತೊಡಗಿದಾಗಲೇ ಕೋಣೆಯವರಿಗೆಲ್ಲ ವಾಸನೆ ಬಡಿದಿತ್ತು.

“ನಂಗೊಬ್ಬಳು ಮಗಳಿದ್ದಾಳೆ,” ಎಂದ ಅವನು ಒಂದು ದಿನ, ಕೈಯಲ್ಲಿದ್ದ ಸ್ಪ್ಯಾನರನ್ನೇ ನೋಡುತ್ತ.

“ಗೊತ್ತು.”

“ಅವಳು ಮಾತು ಕಮ್ಮಿ.”

“ನಾನು ಜಾಸ್ತಿ. ಸರಿಹೋಗತ್ತೆ ಬಿಡಿ,” ಎಂದಳು ಬಿಳಿಯಕ್ಕ.

ಮದುವೆ ನೋಂದಣಿ ಕಚೇರಿಯಲ್ಲಿ ಸಹಿ ಹಾಕಿ, ಒಂದು ಟ್ರಂಕು ಹಿಡಿದು ಅವಳು ಆ ಬಾಡಿಗೆ ಮನೆಗೆ ಬಂದಾಗ ಚಳಿಗಾಲದ ನಟ್ಟನಡುವೆ. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಗೋಡೆ ಸುತ್ತಿದ ಪುಟ್ಟ ಹಿತ್ತಲು. ಹೆಣ್ಣು ದಿಕ್ಕಿಲ್ಲದ ಮನೆ ಹೇಗಿರಬೇಕೋ ಹಾಗೇ ಇತ್ತು. ಬಿಳಿಯಕ್ಕ ಸೆರಗು ಸಿಕ್ಕಿಸಿ ನಿಂತಳು. ಪರದೆಗಳನ್ನು ಇಳಿಸಿ ಒಗೆದಳು, ಮಸಿ ಹಿಡಿದ ಪಾತ್ರೆಗಳನ್ನು ತಿಕ್ಕಿದಳು, ಕಿಟಕಿಯ ಗಾಜನ್ನು ಇದೆಯೋ ಇಲ್ಲವೋ ಎನ್ನುವಂತೆ ಒರೆಸಿದಳು. ಗುಬ್ಬಿ ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದವಳು ಮೂರನೆಯ ದಿನ ಹತ್ತಿರ ಬಂದು, ಬಾಚಣಿಗೆ ಮುಂದೆ ಚಾಚಿ, ಬೆನ್ನು ತಿರುಗಿಸಿ ಕೂತಳು. ಬಿಳಿಯಕ್ಕ ಉಸಿರು ಬಿಗಿಹಿಡಿದು ಜಡೆ ಹೆಣೆದಳು. ಹೆಚ್ಚು ಮಾತಾಡುವವಳು ಅವತ್ತು ತುಟಿ ಬಿಚ್ಚಲಿಲ್ಲ. ಮಾತಾಡಿದರೆ ಹಕ್ಕಿ ಹಾರಿಹೋದೀತೆಂಬ ಭಯ.

ಮನೆಯೊಳಗೆ ಮುಗಿಸಿ ಹಿತ್ತಲಿಗೆ ಬಂದಳು. ಮೂಲೆಯಲ್ಲಿ ನೀರಿನ ತೊಟ್ಟಿ. ಅದರ ಮೇಲಿನ ಸಣ್ಣ ಕೊಳವೆಯಿಂದ ನೀರು ತೊಟ್ಟಿಕ್ಕಿ ತೊಟ್ಟಿಕ್ಕಿ ಒಂದು ಚಾಪೆಯಗಲ ಜಾಗ ಕೊಚ್ಚೆಯಾಗಿತ್ತು. ಅದರಲ್ಲಿ ಒಣಗಿ ಕಂದಾದ ನಾಲ್ಕಾರು ಕಡ್ಡಿಗಳು, ಬುಡದಲ್ಲಿ ಕೆಸರಿಗಂಟಿಕೊಂಡ ಒಂದಿಷ್ಟು ಹಸಿರೆಲೆ, ಕಳೆಯಂತೆ.

“ಏನ್ರಿ ಇದು? ಊರಿನವರ ನಲ್ಲಿಯೆಲ್ಲ ಕಟ್ಟೋರು ನೀವು. ನಮ್ಮನೇದೇ ಸೋರ್ತಾ ಇದೆಯಲ್ಲ!”

ಮೇಸ್ತ್ರಿ ತಲೆ ಕೆರೆದುಕೊಂಡ. “ಅದಾ... ಇರ್ಲಿ ಬಿಡು.”

“ಇರ್ಲಿ ಅಂದ್ರೆ? ಮಗು ಓಡಾಡೋ ಜಾಗ. ಕಾಲು ಜಾರಿದ್ರೆ? ಸೊಳ್ಳೆಯ ತವರುಮನೆ ಮಾಡಿಟ್ಟಿದೀರ.”

ಬಂದು ವಾರವೂ ಆಗದ ಹೆಂಡತಿಗೆ ಇದು ಸತ್ತವಳು ನೆಟ್ಟ ಗಿಡ ಎಂದು ಹೇಗೆ ಹೇಳುವುದು? ಹೇಳಿದರೆ ನೊಂದುಕೊಂಡಾಳು, ಹೇಳದಿದ್ದರೆ ಏನೋ ಒಂದು ಗಿಡ, ಹೋದರೆ ಹೋಯಿತು. ನುಂಗಲಾರದ ತುತ್ತು ನುಂಗಿದವನಂತೆ ಅವನು ಸ್ಪ್ಯಾನರು ತಂದು ಆ ಕೊಳವೆಯನ್ನು ಬಿಗಿದುಬಿಟ್ಟ. ಬಿಳಿಯಕ್ಕ ಒಣಕಡ್ಡಿಗಳನ್ನು ಕಿತ್ತು, ಎಲೆಗಳನ್ನು ಗುದ್ದಲಿಯಲ್ಲಿ ಕೆರೆದು, ಎರಡು ಗಾಡಿ ಜಲ್ಲಿ ತರಿಸಿ ಹರಡಿಸಿದಳು. ಹಿತ್ತಲು ಒಣಗಿ ಚೊಕ್ಕವಾಯಿತು. ಅಲ್ಲಿ ಅಡ್ಡಡ್ಡ ಹಗ್ಗ ಕಟ್ಟಿ ಬಟ್ಟೆ ಹರವಿದಾಗ ಅವಳಿಗೆ, ಈಗ ಇದು ನನ್ನ ಮನೆ, ಅನ್ನಿಸಿತು.

ಚಳಿ ಹಿಂದೆ ಸರಿದು ಬಿಸಿಲು ಚುರುಕಾಗತೊಡಗಿದಾಗ ಒಂದು ದಿನ ಎದುರುಮನೆಯ ಟೈಲರಮ್ಮ ಬಂದಳು. ಕಾಲುಮೆಷಿನ್ ತುಳಿದು ಬೀದಿಯವರಿಗೆಲ್ಲ ಬಟ್ಟೆ ಹೊಲಿದುಕೊಡುವ ಹೆಂಗಸು. ಮೇಸ್ತ್ರಿಯ ಮೊದಲ ಹೆಂಡತಿಗೆ ಜೀವದ ಗೆಳತಿಯಾಗಿದ್ದವಳು. ಚಹಾ ಕುಡಿಯುತ್ತ ಹಿತ್ತಲ ಬಾಗಿಲಿಗೆ ಬಂದು ನಿಂತಳು.

“ಕೆಂಪಿ ಎಲ್ಲಿ?”

“ಯಾವ ಕೆಂಪಿ?”

“ಕೆಸರುಕೆಂಪಿ. ಗುಬ್ಬಿಯ ಅಮ್ಮ ತಂದು ನೆಟ್ಟಿದ್ದು. ಅವಳ ತವರಿನ ಹತ್ರ ಜೌಗು ಇತ್ತಲ್ಲ, ಅದನ್ನ ಮುಚ್ಚಿ ಬಸ್ ಡಿಪೋ ಕಟ್ಟೋವಾಗ ಒಂದು ಬೇರು ಒದ್ದೆ ಗೋಣಿಯಲ್ಲಿ ಸುತ್ತಿ ತಂದಿದ್ಲು. ಅದಕ್ಕೆ ಕಾಲು ಯಾವಾಗ್ಲೂ ನೀರಲ್ಲಿರಬೇಕು ಅಂತ ಮೇಸ್ತ್ರಿ ತೊಟ್ಟಿ ಕೊಳವೆ ಸಡಿಲ ಬಿಟ್ಟಿದ್ರು. ಇಷ್ಟು ಹೊತ್ತಿಗೆ ಚಿಗುರಿರಬೇಕಿತ್ತು.”

ಬಿಳಿಯಕ್ಕ ಲೋಟ ಕೆಳಗಿಟ್ಟಳು. “ಅದು ಒಣಗಿತ್ತು... ಬರೀ ಕಡ್ಡಿ ಇತ್ತು.”

“ಚಳಿಗಾಲದಲ್ಲಿ ಹಾಗೇ ಕಾಣೋದು ಅಕ್ಕ. ಕಡ್ಡಿ ಸಾಯತ್ತೆ, ಬುಡದಲ್ಲಿ ಮರಿ ಇರತ್ತೆ. ವರ್ಷಾ ವರ್ಷಾ ಬರೋ ಗಿಡ ಅದು.”

ಇಬ್ಬರೂ ತಿರುಗಿದಾಗ ಗುಬ್ಬಿ ಹಿಂದೆಯೇ ನಿಂತಿದ್ದಳು. ಪಾಟೀಚೀಲ ಹೆಗಲಿನಿಂದ ಜಾರಿಬಿತ್ತು. ಹುಡುಗಿ ಓಡಿಹೋಗಿ ಮೊಣಕಾಲೂರಿ ಜಲ್ಲಿಯನ್ನು ಎರಡೂ ಕೈಯಿಂದ ಬಗೆಯತೊಡಗಿದಳು. ಕೆಳಗೆ ಗಟ್ಟಿ ಒಣಮಣ್ಣು. ಬೆರಳಿನ ತುದಿ ಕಿತ್ತು ರಕ್ತ ಬಂತು. ಎತ್ತಿಕೊಳ್ಳಲು ಹೋದ ಬಿಳಿಯಕ್ಕನನ್ನು ತಳ್ಳಿದಳು.

“ನೀವು ಅಮ್ಮನ ಹೂವನ್ನ ಸಾಯಿಸಿದ್ರಿ.”

ಕಿರುಚಲಿಲ್ಲ. ಮೆಲ್ಲಗೆ, ದೊಡ್ಡವರ ಹಾಗೆ ಹೇಳಿದಳು. ಅದೇ ಹೆಚ್ಚು ಚುಚ್ಚಿತು.

ಮರುದಿನ ಬೆಳಿಗ್ಗೆ ಬಾಚಣಿಗೆ ಹಿಡಿದು ಹುಡುಗಿ ಟೈಲರಮ್ಮನ ಮನೆಗೆ ಹೋದಳು. ಆಮೇಲೆ ದಿನವೂ ಜಡೆ ಅಲ್ಲಿಯೇ. ಬಿಳಿಯಕ್ಕ ಬಾಗಿಲಲ್ಲಿ ನಿಂತು, ಆಚೆಬದಿಯ ಜಗುಲಿಯಲ್ಲಿ ಇನ್ನೊಬ್ಬರ ಬೆರಳುಗಳು ಆ ಕೂದಲಲ್ಲಿ ಆಡುವುದನ್ನು ನೋಡಿ ಒಳಗೆ ಬರುತ್ತಿದ್ದಳು.

“ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?” ಎಂದು ಗಂಡನನ್ನು ಕೇಳಿದಳು.

“ನಿನಗೆ ನೋವಾಗ್ಬಾರ್ದು ಅಂತ,” ಎಂದ ಮೇಸ್ತ್ರಿ. ಪಾಪ, ನಿಜವನ್ನೇ ಹೇಳಿದ.

ಅಲ್ಲಿಂದ ಶುರುವಾಯಿತು ಅವಳ ಹುಡುಕಾಟ. ವರ್ಷಗಟ್ಟಲೆ, ರಜೆಯ ದಿನ ಬಂದರೆ ಸಾಕು, ಚೀಲ ಹಿಡಿದು ಹೊರಡುತ್ತಿದ್ದಳು. ಇಟ್ಟಿಗೆಗೂಡಿನವರು ಮಣ್ಣು ತೆಗೆದ ಗುಂಡಿಗಳು, ಊರಾಚೆಯ ಚರಂಡಿಗಳು, ಹೊಳೆಯಂಚಿನ ಕೊರಕಲು, ಎಲ್ಲವನ್ನೂ ನೋಡಿದಳು. ನರ್ಸರಿಗಳಲ್ಲಿ ಕೇಳಿದಳು. ಬಹಳಷ್ಟು ಜನ ಆ ಹೆಸರನ್ನೇ ಕೇಳಿರಲಿಲ್ಲ. ಸಂತೆಯಲ್ಲಿ ಸಸಿ ಮಾರುವ ಅಜ್ಜನೊಬ್ಬ ಮಾತ್ರ ಕೇಳಿದ ಕೂಡಲೇ ನಕ್ಕ.

“ಕೆಂಪಿನಾ? ಅದನ್ನ ಯಾರು ಮಾರ್ತಾರಮ್ಮ! ಕಾಲಿಟ್ಟಲ್ಲೆಲ್ಲ ತಾನಾಗೇ ಇರ್ತಿತ್ತು. ಸೊಂಟದೆತ್ತರ ಕಡ್ಡಿ, ಅದರ ತುಂಬ ಕೆಂಪು ನಾಲಿಗೆ ಚಾಚಿದ ಹಾಗೆ ಹೂವು. ಈಗ ಜೌಗೇ ಇಲ್ಲವಲ್ಲ, ಅದು ಎಲ್ಲಿ ನಿಲ್ಲತ್ತೆ?”

ಜೌಗೆಂಬ ಆ ಅಜ್ಜನ ಮಾತಿಗೆ, ಅದನ್ನು ಮುಚ್ಚಿ ಕಟ್ಟಿದ ಬಸ್ ಡಿಪೋ ನೆನಪಾಗಿ ಅವಳು ಅದರ ಹಿಂಭಾಗಕ್ಕೆ ಹೋದಳು. ರೈಲುಹಳಿಯ ಕೆಳಗೆ ನೀರು ಹಾದುಹೋಗುವ ಒಂದು ಮೋರಿ. ಅದರ ಬಾಯಲ್ಲಿ, ಹರಿದ ಟೈರು, ಪ್ಲಾಸ್ಟಿಕ್ಕುಗಳ ನಡುವೆ, ಕೆಂಪು ಕಂಡಿತು. ಬಿಳಿಯಕ್ಕ ಅಲ್ಲೇ ಕುಕ್ಕರಿಸಿ ಕೂತು ಅತ್ತಳು; ಹಳಿಯ ಮೇಲೆ ಹೋಗುತ್ತಿದ್ದ ಕೂಲಿಯವನು ಏನೋ ಕಳೆದುಕೊಂಡಿದ್ದಾಳೆಂದು ನಿಂತು ವಿಚಾರಿಸಿ ಹೋದ.

ಬೇರು ಸಮೇತ ಒಂದನ್ನು ತಂದಳು. ಮೇಸ್ತ್ರಿ ಜಲ್ಲಿ ಎತ್ತಿದ, ಹೊಂಡ ತೋಡಿ ತಳಕ್ಕೆ ಹಳೆಯ ರಬ್ಬರ್ ಹಾಳೆ ಹಾಸಿದ, ಮೇಲೆ ಕೆಸರು ತುಂಬಿದ, ತಾನೇ ಬಿಗಿದಿದ್ದ ಕೊಳವೆಯನ್ನು ತಾನೇ ಸಡಿಲಿಸಿದ. ಗುಬ್ಬಿ ಕಿಟಕಿಯಿಂದ ನೋಡಿದಳು, ಹೊರಗೆ ಬರಲಿಲ್ಲ. ಆ ಚಳಿಗಾಲ ಬಿಳಿಯಕ್ಕ ಗಿಡದ ಮರಿಗಳಿಗೆ ಥಂಡಿ ತಾಕಬಾರದೆಂದು ಒಣಎಲೆ ಹರಡಿ, ಗೋಣಿ ಹೊದೆಸಿ, ಎದೆಗವಚಿಕೊಂಡಂತೆ ಕಾಪಾಡಿದಳು. ಬೇಸಿಗೆಗೆ ಗೋಣಿ ಎತ್ತಿದರೆ ಒಳಗೆಲ್ಲ ಕೊಳೆತು ಕಪ್ಪು ಮುದ್ದೆ.

“ಹೊದೆಸಿದ್ರಾ?” ಅಜ್ಜ ಹಣೆ ಚಚ್ಚಿಕೊಂಡ. “ಅದಕ್ಕೆ ಕಾಲು ನೀರಲ್ಲಿರಬೇಕು, ತಲೆ ಬಯಲಲ್ಲಿರಬೇಕು. ಮುದ್ದು ಜಾಸ್ತಿ ಆದ್ರೆ ಉಸಿರು ಕಟ್ಟತ್ತೆ ತಾಯಿ.”

ಮತ್ತೆ ಮೋರಿಗೆ ಹೋದಳು. ಮತ್ತೆ ತಂದಳು. ಗುಬ್ಬಿ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಾಗ, ಮಳೆ ಮುಗಿಯುತ್ತ ಬಂದ ದಿನಗಳಲ್ಲಿ, ಹಿತ್ತಲಲ್ಲಿ ಮೊದಲ ಹೂಗೊಂಚಲು ಎದ್ದಿತು. ಕೆಳಗಿನಿಂದ ಒಂದೊಂದೇ ಅರಳುತ್ತ ಮೇಲೇರುವ ಹೂವು. ಆ ಕೆಂಪಿಗೆ ಹಿಂದಿನ ಸುಣ್ಣದ ಗೋಡೆಯೇ ಬೆಚ್ಚಿದಂತಿತ್ತು. ಬಿಳಿಯಕ್ಕ ಹುಡುಗಿ ಶಾಲೆಯಿಂದ ಬರುವುದನ್ನೇ ಕಾದಿದ್ದು, ಕೈಹಿಡಿಯುವ ಧೈರ್ಯ ಸಾಲದೆ, “ಬಾ, ಒಂದು ತೋರಿಸ್ತೀನಿ,” ಎಂದು ಮುಂದೆ ನಡೆದಳು.

ಗುಬ್ಬಿ ಬಹಳ ಹೊತ್ತು ನೋಡಿದಳು.

“ಚೆನ್ನಾಗಿದೆ. ಆದ್ರೆ ಇದು ಅಮ್ಮನದಲ್ಲ. ಅಮ್ಮಂದು ಹೋಯ್ತು.”

ಅಷ್ಟು ಹೇಳಿ ಕೈಕಾಲು ತೊಳೆಯಲು ಹೋದಳು. ಬಿಳಿಯಕ್ಕ ಹಗ್ಗದ ಮೇಲಿನ ಬಟ್ಟೆ ತೆಗೆಯತೊಡಗಿದಳು, ಒಣಗದವನ್ನೂ ತೆಗೆದಳು.

ಹುಡುಗಿ ಕೆಟ್ಟವಳಲ್ಲ. ಎದುರು ಮಾತಾಡಿದವಳಲ್ಲ, ಕೊಟ್ಟದ್ದನ್ನು ಬೇಡವೆಂದವಳಲ್ಲ. ಆದರೆ ಎಲ್ಲ ಅಳತೆ ಮಾಡಿಟ್ಟ ಹಾಗೆ. ‘ಚಿಕ್ಕಮ್ಮ, ನೀವು,’ ಅಷ್ಟರಲ್ಲೇ ಇಪ್ಪತ್ತು ವರ್ಷ ಹೋಯಿತು. ಬಿಳಿಯಕ್ಕನೂ ಒಂದು ದಿನವೂ ಅವಳೊಂದಿಗೆ ಏರುದನಿಯಲ್ಲಿ ಮಾತಾಡಲಿಲ್ಲ. ಪರೀಕ್ಷೆಯಲ್ಲಿ ಫೇಲಾದಾಗಲೂ ಇಲ್ಲ, ಕತ್ತಲಾದ ಮೇಲೆ ಮನೆಗೆ ಬಂದಾಗಲೂ ಇಲ್ಲ. ಬೈಯುವ ಹಕ್ಕನ್ನು ಆ ಜಲ್ಲಿಯ ಅಡಿಯಲ್ಲಿ ತಾನೇ ಹೂತುಬಿಟ್ಟೆ ಎಂದು ಅವಳ ನಂಬಿಕೆ. ಗುಬ್ಬಿ ಬೇರೆ ಊರಿನ ರೈಲುನಿಲ್ದಾಣದಲ್ಲಿ ಟಿಕೆಟ್ ಕೊಡುವ ಕೆಲಸಕ್ಕೆ ಸೇರಿ ಹೋದ ಮೇಲೆ ವಾರಕ್ಕೊಮ್ಮೆ ಫೋನು ಬರುತ್ತಿತ್ತು. “ಊಟ ಆಯ್ತಾ?” “ಆಯ್ತು. ನಿಮ್ದು?” “ಆಯ್ತು.” ಆಮೇಲೆ ಫೋನು ಮೇಸ್ತ್ರಿಯ ಕೈಗೆ ಹೋಗುತ್ತಿತ್ತು, ಅಪ್ಪ ಮಗಳು ನಗುತ್ತ ಮಾತಾಡುವುದನ್ನು ಕೇಳಿ ಅವಳು ಅಡುಗೆಮನೆಯಲ್ಲೇ ಸಮಾಧಾನಪಟ್ಟುಕೊಳ್ಳುತ್ತಿದ್ದಳು.

ಮೇಸ್ತ್ರಿ ಯಾರದೋ ಮನೆಯ ತಾರಸಿಯ ಮೇಲೆ, ನೀರಿನ ಟ್ಯಾಂಕಿಗೆ ಒರಗಿ ಸುಧಾರಿಸಿಕೊಳ್ಳಲು ಕೂತವನು ಮತ್ತೆ ಏಳಲಿಲ್ಲ. ಗುಬ್ಬಿ ಬಂದಳು, ಎಲ್ಲ ಮುಗಿಯುವ ತನಕ ಇದ್ದಳು. ಹೊರಡುವ ದಿನ ಇಬ್ಬರೂ ಹೊಸ್ತಿಲಲ್ಲಿ ನಿಂತರು. ನಡುವೆ ಸೇತುವೆಯಾಗಿದ್ದವನೇ ಹೋದ ಮೇಲೆ ಈಚೆ ದಡದವಳು ಆಚೆ ದಡದವಳಿಗೆ ಏನಾಗಬೇಕು?

“ಫೋನ್ ಮಾಡ್ತೀನಿ,” ಎಂದಳು ಗುಬ್ಬಿ. ಮಾಡಿದಳು. ವಾರ ತಪ್ಪಲಿಲ್ಲ.

ಮೂರು ವರ್ಷದ ನಂತರ ಒಂದು ವಾರ ಫೋನು ತಪ್ಪಿತು. ಅದರ ಮುಂದಿನ ವಾರ ಅವಳೇ ಬಂದಳು, ಒಂದು ಸೂಟ್‌ಕೇಸ್ ಹಿಡಿದು, ಮುಖ ಸುಣ್ಣದಂತಾಗಿ. ರಕ್ತದ ಕಾಯಿಲೆ. ಅಲ್ಲಿಯ ಡಾಕ್ಟರು ಮಾಡುವಷ್ಟು ಮಾಡಿ, ಮನೆಯಲ್ಲಿ ನೋಡಿಕೊಳ್ಳುವವರಿದ್ದರೆ ಒಳ್ಳೆಯದು ಎಂದಿದ್ದರಂತೆ.

“ಬೇರೆ ಯಾರೂ ನೆನಪಾಗ್ಲಿಲ್ಲ,” ಎಂದಳು ಬಾಗಿಲಲ್ಲೇ ನಿಂತು, ಕ್ಷಮೆ ಕೇಳುವವಳ ಹಾಗೆ.

“ಒಳಗೆ ಬಾ. ಗಾಳಿ ಇದೆ,” ಎಂದಳು ಬಿಳಿಯಕ್ಕ.

ಕೆಲಸಕ್ಕೆ ರಜೆ ಹಾಕಿದಳು. ಹಿತ್ತಲ ಬಾಗಿಲ ಹತ್ತಿರ, ಗಾಳಿಬೆಳಕು ಇರುವಲ್ಲಿ ಮಂಚ ಹಾಕಿಸಿದಳು. ಜ್ವರದಲ್ಲಿ ಬೆವರಿ ಒದ್ದೆಯಾದ ಹಾಸುಗಳನ್ನು ಹಗಲಿಗೆ ಎರಡು ಸಲ ಬದಲಾಯಿಸುತ್ತಿದ್ದಳು. ರೋಗಿಯನ್ನು ಎಬ್ಬಿಸದೆ, ಒಂದು ಬದಿಗೆ ಹೊರಳಿಸಿ ಹಳೆಯದನ್ನು ಸುತ್ತಿ ಹೊಸದನ್ನು ಬಿಚ್ಚುವುದು ಅವಳಿಗೆ ನರ್ಸುಗಳನ್ನು ನೋಡಿ ನೋಡಿ ಬಂದಿತ್ತು. ಮಾತು ಮಾತ್ರ ಅದೇ: “ಮಾತ್ರೆ ತಗೊಂಡ್ಯಾ?” “ತಗೊಂಡೆ.”

ಕೆಂಪಿ ಆ ವರ್ಷ ಹಿಂದೆಂದೂ ಇಲ್ಲದಂತೆ ಹಬ್ಬಿತ್ತು. ಮಂಚದಿಂದ ನೇರವಾಗಿ ಕಾಣುತ್ತಿತ್ತು. ಒಂದು ಮಧ್ಯಾಹ್ನ ಗುಬ್ಬಿ ಅದನ್ನೇ ನೋಡುತ್ತ ಮಲಗಿದ್ದಾಗ ಬಿಳಿಯಕ್ಕನ ಎದೆಯಲ್ಲಿ ಇಷ್ಟು ವರ್ಷ ಕೂತಿದ್ದ ಕಲ್ಲು ತಾನಾಗಿ ಉರುಳಿತು.

“ಅವತ್ತು ನಂಗೆ ಗೊತ್ತಿರ್ಲಿಲ್ಲ ಮಗು. ಒಣಗಿದೆ ಅಂದ್ಕೊಂಡೆ. ನಿನ್ನಮ್ಮನ ಹೂವು ಅಂತ ಗೊತ್ತಿದ್ರೆ ಕಣ್ಣಿಗೊತ್ಕೊಂಡು ಇಟ್ಕೊಳ್ತಿದ್ದೆ. ಕ್ಷಮಿಸು ಅಂತ ಕೇಳೋಕೂ ಬಾಯಿ ಬರ್ಲಿಲ್ಲ ಇಷ್ಟು ದಿನ.”

ಗುಬ್ಬಿ ತಲೆ ಹೊರಳಿಸಿದಳು.

“ಚಿಕ್ಕಮ್ಮ, ಒಂದು ನಿಜ ಹೇಳ್ಲಾ? ನಂಗೆ ಆ ಹೂವಿನ ನೆನಪೇ ಇರ್ಲಿಲ್ಲ.”

“ಏನಂದೆ?”

“ಟೈಲರಮ್ಮ ಹೇಳೋವರೆಗೂ ಅದು ಅಮ್ಮನ ಗಿಡ ಅಂತಾನೇ ಗೊತ್ತಿರ್ಲಿಲ್ಲ. ಅಮ್ಮನ ಮುಖಾನೂ ಸರಿಯಾಗಿ ನೆನಪಿರ್ಲಿಲ್ಲ, ಕೆಮ್ಮು ಮಾತ್ರ ನೆನಪಿತ್ತು. ನೀವು ಬಂದ್ರಿ, ಜಡೆ ಹಾಕಿದ್ರಿ. ಹಾಯ್ ಅನ್ನಿಸ್ತು. ಆಮೇಲೆ ಭಯ ಆಯ್ತು, ಅಮ್ಮಂದು ಇಷ್ಟೂ ಮರೆತುಹೋಗತ್ತೇನೋ ಅಂತ. ನಿಮ್ಮ ಮೇಲೆ ಕೋಪ ಮಾಡ್ಕೊಳ್ಳೋಕೆ ಏನೂ ಇರ್ಲಿಲ್ಲ. ಅವತ್ತು ಸಿಕ್ತು. ಬಿಟ್ರೆ ಇನ್ನೊಂದು ಸಿಗಲ್ಲ ಅಂತ ಗಟ್ಟಿಯಾಗಿ ಹಿಡ್ಕೊಂಡೆ. ಹಿಡ್ಕೊಂಡು ಹಿಡ್ಕೊಂಡು ಅಭ್ಯಾಸ ಆಗೋಯ್ತು.”

ಬಿಳಿಯಕ್ಕ ಎದ್ದು ನಿಂತಳು. ಅವಳ ಕಣ್ಣೆದುರು ಇಟ್ಟಿಗೆಗೂಡಿನ ಗುಂಡಿಗಳು ಬಂದವು, ಮೋರಿ ಬಂತು, ಕೊಳೆತ ಗೋಣಿ ಬಂತು, ಎದುರುಮನೆಯ ಜಗುಲಿ ಬಂತು.

“ನಿನ್ನ ಬಾಯಿಗಿಷ್ಟು ಮಣ್ಣು ಹಾಕ!” ಎಂದು ಕಿರುಚಿದಳು. “ಇಪ್ಪತ್ತು ವರ್ಷ ಕಣೇ! ಇಪ್ಪತ್ತು ವರ್ಷ ನನ್ನ ಹೊಟ್ಟೆ ಉರಿಸಿದ್ಯಲ್ಲೇ! ಊರಿನ ಚರಂಡಿಯೆಲ್ಲ ಹೊಕ್ಕು ಬಂದೆನಲ್ಲೇ ನಿನಗೋಸ್ಕರ, ಹಾಳಾದವಳೇ! ಒಂದು ಮಾತು, ಒಂದೇ ಒಂದು ಮಾತು ಆಡೋಕೆ ಏನು ಧಾಡಿ ಬಂದಿತ್ತು ನಿನಗೆ? ಅಪ್ಪಂದೇ ಬುದ್ಧಿ! ಅಪ್ಪಂದೇ ಬುದ್ಧಿ ನಿಂದು!”

ಕಿರುಚಿದವಳಿಗೆ ತಾನು ಕಿರುಚಿದ್ದು ಯಾರಿಗೆ ಎಂದು ಹೊಳೆದು, ಸೆರಗು ಬಾಯಿಗೊತ್ತಿಕೊಂಡು ಹಾಗೇ ನಿಂತಳು. ಸಾವು ಬಾಗಿಲಲ್ಲಿ ಕೂತಿರುವ ಹುಡುಗಿಯ ಬಾಯಿಗೆ ಮಣ್ಣೆಂದೆನಲ್ಲ!

ಗುಬ್ಬಿ ನಗುತ್ತಿದ್ದಳು. ನಗಲು ತ್ರಾಣವಿಲ್ಲದೆ ಪಕ್ಕೆ ಹಿಡಿದುಕೊಂಡು ನಗುತ್ತಿದ್ದಳು. ಕಣ್ಣಿಂದ ನೀರು ಕಿವಿಗೆ ಇಳಿಯುತ್ತಿತ್ತು.

“ಅವತ್ತೇ ಹೀಗೆ ಬೈದು ಎರಡೇಟು ಹಾಕಿದ್ರೆ, ಅವತ್ತೇ ಮುಗಿದುಹೋಗ್ತಿತ್ತು,” ಎಂದಳು. “ಎಲ್ಲರ ಅಮ್ಮಂದಿರೂ ಬೈತಿದ್ರು. ನಂಗೊಬ್ಬಳಿಗೇ ಬೈಯೋರಿರ್ಲಿಲ್ಲ.”

ಬಿಳಿಯಕ್ಕ ಮಂಚದ ಅಂಚಿಗೆ ಕುಸಿದು ಕೂತಳು. ಆ ಹುಡುಗಿಯ ಕಡ್ಡಿಯಂಥ ಕೈಯನ್ನು ಹಿಡಿದು ಸಂಜೆಯಾಗುವ ತನಕ ಬಿಡಲಿಲ್ಲ.

ಆಮೇಲೆ ಆ ಮನೆಯಲ್ಲಿ ಬೈಗುಳವೋ ಬೈಗುಳ. ಮಾತ್ರೆ ಉಗುಳಿದ್ದಕ್ಕೆ ಬೈಗುಳ, ಊಟ ಬಿಟ್ಟಿದ್ದಕ್ಕೆ ಬೈಗುಳ, ಹೊದಿಕೆ ಒದ್ದದ್ದಕ್ಕೆ ಬೈಗುಳ. ಟೈಲರಮ್ಮ ಬೀದಿ ದಾಟಿ ಬಂದು, “ಏನಕ್ಕ, ಹುಷಾರಿಲ್ಲದ ಹುಡುಗಿ,” ಎಂದರೆ, “ನೀನು ಸುಮ್ಮನಿರು, ತಾಯಿ ಮಗಳ ಮಧ್ಯೆ ಬರಬೇಡ,” ಎಂದು ಗುಬ್ಬಿಯೇ ಗದರಿಸುತ್ತಿದ್ದಳು. ಇಬ್ಬರೂ ಕಳೆದುಕೊಂಡದ್ದನ್ನು ಬಾಚಿಕೊಳ್ಳುವ ಅವಸರದಲ್ಲಿದ್ದರು. ಆದರೆ ಕಾಯಿಲೆಗೆ ಇವರ ಅವಸರ ಏನು ಗೊತ್ತು? ಚಳಿ ಶುರುವಾಗುವ ಹೊತ್ತಿಗೆ ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿರಲಿಲ್ಲ. ದೊಡ್ಡಾಸ್ಪತ್ರೆಯ ಮೂರನೆಯ ಮಹಡಿಯ ವಾರ್ಡಿಗೆ ಸೇರಿಸಿದರು. ಬಿಳಿಯಕ್ಕ ಅಲ್ಲಿಯೇ ಸ್ಟೂಲಿನ ಮೇಲೆ ಕೂತಳು. ಒಂದು ಬೆಳಿಗ್ಗೆ, ಕಸ ಗುಡಿಸುವವರು ಬಕೆಟ್ಟು ಎಳೆದುಕೊಂಡು ಬರುವ ಹೊತ್ತಿಗೆ, ಗುಬ್ಬಿಯ ಉಸಿರು ನಿಂತಿತು.

ಹಿತ್ತಲಲ್ಲಿ ಕೆಂಪಿ ಹೂವು ಮುಗಿಸಿ ಕಂದುಬಣ್ಣಕ್ಕೆ ತಿರುಗಿತ್ತು. ಟೈಲರಮ್ಮ ಬಂದು ಒಣಕಡ್ಡಿ ಕತ್ತರಿಸಿ, ಬುಡದ ಮರಿಗಳ ಮೇಲೆ ಬಿದ್ದ ಎಲೆಗಳನ್ನು ಒಂದೊಂದಾಗಿ ಆರಿಸಿ ಹೋದಳು. ಬಿಳಿಯಕ್ಕ ಅದನ್ನು ಗಮನಿಸಲೂ ಇಲ್ಲ.

ಮನೆಯಲ್ಲಿ ಕೂತು ಕೂತು ಆಗದೆ ಅವಳು ವಾರದೊಳಗೇ ಕೆಲಸಕ್ಕೆ ಹೋದಳು. ನೆಲಮಾಳಿಗೆಯಲ್ಲಿ ಜೊತೆಗಾರರು ಜಾಗ ಬಿಟ್ಟು ನಿಂತರು. ಹಬ್ಬದ ರಜೆಯ ದಿನಗಳಲ್ಲಿ ಒಗೆಯದೆ ಉಳಿದ ಬಟ್ಟೆ ರಾಶಿ ಬಿದ್ದಿತ್ತು. ಮೂರನೆಯ ಮಹಡಿಯ ಗಾಡಿಯೂ ಹಾಗೇ ನಿಂತಿತ್ತು. ಹಾಸುಗಳ ಅಂಚಿನಲ್ಲಿ ಕಪ್ಪು ಶಾಯಿಯಲ್ಲಿ ವಾರ್ಡಿನ ಗುರುತು ಅಚ್ಚಾಗಿತ್ತು. ಮಂಚದ ಗುರುತು ಯಾವುದಕ್ಕೂ ಇರುವುದಿಲ್ಲ. ಅವಳು ಒಂದೊಂದನ್ನೇ ಬಿಡಿಸಿ ನೋಡಿದಳು, ಮೂಸಿ ನೋಡಿದಳು. ಎಲ್ಲಕ್ಕೂ ಒಂದೇ ಔಷಧಿಯ ವಾಸನೆ. ಅಷ್ಟು ಹಾಸುಗಳಲ್ಲಿ ಯಾವುದೋ ಒಂದು ತನ್ನ ಮಗಳದು. ಯಾವುದೆಂದು ಇಷ್ಟು ವರ್ಷ ಹಾಸು ಒಗೆದ ಕೈಗೂ ತಿಳಿಯಲಿಲ್ಲ.

“ಅಕ್ಕ, ನೀವು ಕೂತ್ಕೊಳ್ಳಿ. ನಾನು ಮೆಷಿನ್ನಿಗೆ ಹಾಕ್ತೀನಿ,” ಎಂದಳು ಜೊತೆಯವಳು.

“ಬೇಡ. ನಾನೇ ಒಗೀತೀನಿ.”

ಗಾಡಿಯ ಅಷ್ಟೂ ಹಾಸುಗಳನ್ನು ಕಲ್ಲಿನ ತೊಟ್ಟಿಗೆ ಹಾಕಿ, ಬಿಸಿನೀರು ಬಿಟ್ಟು, ಒಂದೊಂದನ್ನೂ ಕೈಯಲ್ಲೇ ಉಜ್ಜಿದಳು. ಹಿಂಡಿ, ಕೊಡವಿ, ಅಂಗಳದ ಹಗ್ಗಕ್ಕೆ ಹರವಿದಳು. ಸಂಜೆಗೆ ಒಣಗಿದವು. ಮಡಿಸಿ, ಗಾಡಿಗೆ ಪೇರಿಸಿ, ಮತ್ತೆ ಅದೇ ವಾರ್ಡಿಗೆ ಕಳಿಸಿದಳು.